ಮದ್ದೂರಲ್ಲಿ ಹುಟ್ಟದ ಮುತ್ತೇಗೌಡ

ನಾನು ಒಬ್ಬ ಸ್ವಾತಂತ್ರ್ಯ ಹೋರಾಟಗಾರನನ್ನ ಹುಟ್ಟಿಸಿದೀನಿ. ಊರು ಮದ್ದೂರು. ಹೆರಿಗೆ ಆಗಿದ್ದು ಮಾತ್ರ ಕ್ಯಾಲಿಫೋರ್ನಿಯಾದ ನೆವಾರ್ಕಲ್ಲಿ, ಮುನಿರಾಜು ಅಂಕಲ್ ಗ್ರೋಸರಿ ಅಂಗಡಿಯ ವಿಡಿಯೋ ಕೌಂಟರ್ ಹಿಂದೆ, ಎರಡು ಸಾವಿರನೇ ಇಸವಿ ಆಗಸ್ಟ್ ಮೊದಲನೇ ವಾರ. ಅವನ ಹಿಂದೆ ಇನ್ನೊಬ್ಬ ಇದ್ದ, ನಿಜವಾದವನು. ಆ ನಿಜವಾದವನು ಒಳ್ಳೆಯವನಾ ಕೆಟ್ಟವನಾ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ಮೊದಲಿಂದ ಹೇಳ್ತೀನಿ, ನಿಮಗೆ ಗೊತ್ತಾದ್ರೆ ನಂಗೂ ಹೇಳಿ.

ನನ್ನ ಹೆಸರು ಚೆಲುವರಾಜು. ಮುಖ ನೋಡಿದೋರು ಹೆಸರಿಟ್ಟೋರ ಮೇಲೆ ಕೇಸ್ ಹಾಕು ಅಂತಾರೆ. ಹದಿನಾಲ್ಕು ವರ್ಷದವರೆಗೆ ಬೆಂಗಳೂರಿನ ಶ್ರೀರಾಂಪುರ, ಆಮೇಲೆ ಅಪ್ಪನ ಕೆಲಸದ ಹಿಂದೆ ಇಲ್ಲಿಗೆ. ಇದೆಲ್ಲ ನಡೆದಾಗ ನಂಗೆ ಇಪ್ಪತ್ತೊಂದು. ಬೆಳಗ್ಗೆ ಕಮ್ಯುನಿಟಿ ಕಾಲೇಜು, ಮಧ್ಯಾಹ್ನದಿಂದ ಅಂಗಡಿ. ನನ್ನ ವಯಸ್ಸಿನ ಹುಡುಗ್ರು ಡಾಟ್‌ಕಾಮ್ ಕಂಪನಿ ತೆಗೆದು, ಮುಚ್ಚಿ, ಇನ್ನೊಂದು ತೆಗೀತಿದ್ರು. ನಾನು ಅವರು ವಾಪಸ್ ತಂದ ಕ್ಯಾಸೆಟ್ ರಿವೈಂಡ್ ಮಾಡ್ತಿದ್ದೆ.

ರಿವೈಂಡ್ ಮಾಡ್ತಾ ಮಾಡ್ತಾ ಸಿನಿಮಾ ಎಲ್ಲ ಬಾಯಿಗೆ ಬಂದಿತ್ತು. ಯಾರಾದ್ರೂ ಬೇಳೆ ಎಲ್ಲಿದೆ ಅಂದ್ರೆ, 'ಬೇಳೆ ಹುಡುಕ್ಕೊಂಡು ಬಂದೋನಿಗೆ ದಾರಿ ತೋರಿಸ್ತೀನಿ, ಬೇಳೆ ಬೇಯಿಸಕ್ಕೆ ಬಂದೋನಿಗೆ ಬಾಗಿಲು ತೋರಿಸ್ತೀನಿ' ಅಂತ ಕಾಲರ್ ಎತ್ತಿ ಹೇಳ್ತಿದ್ದೆ. ಕ್ಯಾಂಪ್‌ಬೆಲ್‌ನಿಂದ ಬರ್ತಿದ್ದ ಸುರೇಶ್ ಅಂಕಲ್‌ಗೆ ಒಂದ್ಸಲ ಫೈಟಿಂಗ್ ಸಿನಿಮಾ ಕವರ್ ಒಳಗೆ ಭಕ್ತಿ ಸಿನಿಮಾ ಹಾಕಿ ಕಳಿಸಿದ್ದೆ. ಬೈಯಕ್ಕೆ ಅಂತ ಬಂದ್ರು, ಹೋಗುವಾಗ ಇನ್ನೊಂದು ಭಕ್ತಿ ಸಿನಿಮಾ ತಗೊಂಡು ಹೋದ್ರು. ದೇವನಹಳ್ಳಿ ಕಡೆಯ ಮುನಿರಾಜು ಅಂಕಲ್ ನನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ. ಡೈಲಾಗು ಅಂತಿದ್ರು. ಲೇ ಡೈಲಾಗು, ಅಕ್ಕಿ ಮೂಟೆ ಇಳಿಸು.

ಅಂಗಡಿ ಹಿಂದಿನ ಅಪಾರ್ಟ್‌ಮೆಂಟಲ್ಲಿ ಒಬ್ಬ ತಮಿಳು ಅಜ್ಜಿ ಇದ್ರು. ಇಸಕ್ಕಿಯಮ್ಮಾಳ್. ಎಪ್ಪತ್ತೆಂಟು ವರ್ಷ. ವಿಸಿಟರ್ ವೀಸಾದಲ್ಲಿ ಮೊಮ್ಮಗನ ಮನೆಗೆ ಬಂದಿದ್ರು, ಆಗಸ್ಟ್ ಹತ್ತೊಂಬತ್ತಕ್ಕೆ ವಾಪಸ್ ಟಿಕೆಟ್ಟು. ದಿನಾ ಮೂರು ಗಂಟೆಗೆ ಕರಿಬೇವಿಗೆ ಬರ್ತಿದ್ರು, ಹತ್ತಿ ಸೀರೆ ಮೇಲೆ ಮೊಮ್ಮಗನ ಕಂಪನಿ ಜಾಕೆಟ್ ಹಾಕ್ಕೊಂಡು. ಆ ಕಂಪನಿ ಮೇ ತಿಂಗಳಲ್ಲೇ ಮುಚ್ಚಿಹೋಗಿತ್ತು, ಜಾಕೆಟ್ ಗಟ್ಟಿಯಾಗಿತ್ತು.

ಶ್ರೀರಾಂಪುರದಲ್ಲಿ ಬೆಳೆದೋನಿಗೆ ತಮಿಳು ಟ್ಯೂಷನ್ ಬೇಡ. ಮೊದಲನೇ ದಿನವೇ ನಾನು ಅವರಿಗೆ, ಈ ಕರಿಬೇವು ಹೆಲಿಕಾಪ್ಟರಲ್ಲಿ ಬರತ್ತೆ ಪಾಟಿ, ಮಿಲಿಟರಿ ಕಾವಲಲ್ಲಿ, ಅಂತ ತಮಿಳಲ್ಲಿ ಗರ್ಜಿಸಿದೆ; ಪಾಟಿ ಅಂದ್ರೆ ಅಜ್ಜಿ. ಅಜ್ಜಿ ನಗಲಿಲ್ಲ. ಎಲೆ ಮೂಸಿ ನೋಡಿ ಹೇಳಿದ್ರು:

"ತಂಬಿ, ನೀನು ಸುಳ್ಳು ಹೇಳ್ತೀಯ. ಆದ್ರೆ ಗಟ್ಟಿಯಾಗಿ ಹೇಳ್ತೀಯ. ನಂಗೆ ಗಟ್ಟಿ ಗಂಟಲಿನವನೊಬ್ಬ ಬೇಕಾಗಿತ್ತು."

ಯಾಕೆ ಬೇಕಾಗಿತ್ತು ಅನ್ನೋದು ಒಂದು ತಿಂಗಳು ಕಂತುಕಂತಲ್ಲಿ ಬಂತು. ಅವರಪ್ಪನ ಹೆಸರು ಸುಡಲೈಮುತ್ತು. ತೂತುಕುಡಿ. ಉಗಿಹಡಗಲ್ಲಿ ಒಲೆಗೆ ಕಲ್ಲಿದ್ದಲು ತುಂಬೋ ಕೆಲಸ. ಬ್ರಿಟಿಷರು ನಿಷೇಧ ಮಾಡಿದ ಪತ್ರಿಕೆಗಳನ್ನ ಮೇಣದ ಬಟ್ಟೇಲಿ ಸುತ್ತಿ, ಕಲ್ಲಿದ್ದಲ ರಾಶಿ ಕೆಳಗೆ ಇಟ್ಕೊಂಡು ಕೊಲಂಬೋ, ರಂಗೂನ್, ಸಿಂಗಾಪುರ ಅಂತ ಒಂದು ಬಂದರಿಂದ ಇನ್ನೊಂದು ಬಂದರಿಗೆ ಮುಟ್ಟಿಸ್ತಿದ್ದ. ಹನ್ನೆರಡು ವರ್ಷ ಮಾಡಿದ, ಒಂದ್ಸಲನೂ ಸಿಕ್ಕಿಬೀಳ್ಲಿಲ್ಲ. ಅದೇ ಅವನ ಮಗಳಿಗೆ ತೊಂದರೆ ಆಗಿದ್ದು. ಹೋರಾಟಗಾರರಿಗೆ ತಾಮ್ರಪತ್ರ ಕೊಡ್ತಾರೆ ಅಂತ ಎಪ್ಪತ್ತೆರಡರಲ್ಲಿ ಅಜ್ಜಿ ಅರ್ಜಿ ಹಿಡ್ಕೊಂಡು ಹೋದ್ರೆ, ಜೈಲಿನ ಸರ್ಟಿಫಿಕೇಟ್ ಎಲ್ಲಮ್ಮಾ ಅಂದ್ರಂತೆ. ಜೈಲಿಗೆ ಹೋಗದೇ ಇರೋಷ್ಟು ಹುಷಾರಾಗಿ ಕೆಲಸ ಮಾಡಿದೋನಿಗೆ ಪತ್ರ ಇಲ್ಲ.

ಅಜ್ಜಿಗೆ ಮೂರು ತಿಂಗಳಿದ್ದಾಗ ಹಡಗು ಹತ್ತಿದೋನು ವಾಪಸ್ ಬರ್ಲಿಲ್ಲ. ಎರಡು ವರ್ಷ ಬಿಟ್ಟು ಒಂದು ಫೋಟೋ ಬಂತು, ಓಕ್ಲ್ಯಾಂಡಿನ ಸ್ಟುಡಿಯೋ ಹೆಸರು ಹಿಂದೆ. ಕೋಟು, ಮೀಸೆ, ಕೈಯಲ್ಲಿ ಟೋಪಿ. ಅಷ್ಟೇ. ಆಮೇಲೆ ಬೀದಿಯೋರೆಲ್ಲ ಅವರಮ್ಮನ್ನ ಓಡಿಹೋದೋನ ಹೆಂಡ್ತಿ ಅಂತ ಕರೆದ್ರು. ಸಾಯೋವರೆಗೂ ಹಾಗೇ ಕರೆದ್ರು.

ಅಜ್ಜಿಗೆ ಬೇಕಾಗಿದ್ದು ಇಷ್ಟು: ಒಂದು ಸ್ಟೇಜು, ಒಂದು ಮೈಕು, ಅದರಲ್ಲಿ ಅಪ್ಪನ ಹೆಸರು ಒಂದ್ಸಲ. "ನಾನು ಹೇಳಿದ್ರೆ ಮಗಳು ಹೇಳಿದ ಹಾಗೆ. ಸಂಬಂಧ ಇಲ್ಲದವರು ಹೇಳ್ಬೇಕು ತಂಬಿ."

ಜೂನಲ್ಲಿ ಒಂದು ದಿನ ಅಂಗಡಿ ವ್ಯಾನಲ್ಲಿ ಅವರನ್ನ ಓಕ್ಲ್ಯಾಂಡಿಗೆ ಕರ್ಕೊಂಡು ಹೋದೆ. ಸತ್ತವರ ಹೆಸರು ಇಟ್ಟಿರೋ ಸರ್ಕಾರಿ ಆಫೀಸಲ್ಲಿ ಒಬ್ಬ ಒಳ್ಳೆ ಹೆಂಗಸು ಒಂದು ಗಂಟೆ ಹುಡುಕಿ ಒಂದು ಸಾಲು ತೋರಿಸಿದ್ಲು. ಸ್ಯಾಮ್ ಮುತ್ತು, ಬಂದರಿನ ಕೂಲಿ, ಹುಟ್ಟಿದ್ದು ಇಂಡಿಯಾ, ತೀರಿಕೊಂಡಿದ್ದು ಸಾವಿರದ ಒಂಬೈನೂರ ಮೂವತ್ನಾಲ್ಕು. ನಾನು ಒಂದೊಂದೇ ಓದಿ ಹೇಳಿದೆ. ಕೊನೇ ಕಾಲಮ್ ಬಿಟ್ಟೆ. ಅಜ್ಜಿ ಅಲ್ಲೇ ಬೆರಳಿಟ್ಟು, ಇದೇನು ಅಂದ್ರು. ಅಲ್ಲಿ ಹೆಂಡತಿ ಹೆಸರಿತ್ತು: ಮರಿಯಾ.

ಆಸ್ಪತ್ರೆ ಹೆಸರು ಪಾಟಿ, ಅಂದೆ.

"ಇದನ್ನ ಗಟ್ಟಿಯಾಗಿ ಹೇಳ್ಲಿಲ್ಲ ತಂಬಿ ನೀನು," ಅಂದ್ರು ಅಜ್ಜಿ.

ಅದು ಹೆಂಡತಿ ಹೆಸರು ಅಂತ ಹೇಳಿಬಿಟ್ಟೆ. ಅಜ್ಜಿ ಹಡಗು ನೋಡ್ಬೇಕು ಅಂದ್ರು. ಬಂದರಿನ ಬೇಲಿ ಆಚೆ ದೊಡ್ಡದೊಡ್ಡ ಕ್ರೇನು, ಬಣ್ಣಬಣ್ಣದ ಕಂಟೇನರು. ಕಲ್ಲಿದ್ದಲು ಎಲ್ಲಿ ಅಂತ ಕೇಳಿದ್ರು. ಈಗೆಲ್ಲ ಎಣ್ಣೆ ಅಂದೆ. ಫ್ರೀವೇಲಿ ವಾಪಸ್ ಬರುವಾಗ, ಅದು ಅವನೋ ಬೇರೆ ಯಾರೋ ಗೊತ್ತಿಲ್ಲ, ಅವನೇ ಆದ್ರೂ ಪತ್ರಿಕೆ ಹೊತ್ತಿದ್ದು ಸುಳ್ಳಾಗಲ್ಲ ಅಲ್ವಾ, ಅಂದ್ರು. ನಾನು ನೋಡಿದ ಸಿನಿಮಾದಲ್ಲೆಲ್ಲ ಯಾರು ಹೀರೋ ಯಾರು ವಿಲನ್ನು ಅಂತ ಇಂಟರ್ವಲ್ ಒಳಗೆ ಗೊತ್ತಾಗಿಬಿಡತ್ತೆ. ಇದರಲ್ಲಿ ಇಬ್ಬರಿಗೂ ಒಂದೇ ಮೀಸೆ.

ಸ್ಟೇಜು ಸುಲಭವಾಗಿ ಸಿಕ್ತು. ನಮ್ಮ ಕನ್ನಡ ಸಂಘದಲ್ಲಿ ಪ್ರತಿ ಆಗಸ್ಟಲ್ಲೂ ಒಂದು ಸನ್ಮಾನ ಆಗಲೇಬೇಕು. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ತಟ್ಟೆ, ಫ್ರೇಮ್ ಹಾಕಿದ ಸನ್ಮಾನ ಪತ್ರ. ಆ ಪತ್ರ ಸ್ಟೇಜ್ ಮೇಲೆ ಪೂರ್ತಿ ಓದಬೇಕು, ಓದುವಾಗ ಸನ್ಮಾನಿತರು ಕುರ್ಚಿ ತುದೀಲಿ ಕೂತು ನಾಚ್ಕೋಬೇಕು. ಕಷ್ಟ ಏನಂದ್ರೆ ಬೇ ಏರಿಯಾದಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಸ್ಟಾಕ್ ಮುಗಿದಿತ್ತು. ಹಿಂದಿನ ವರ್ಷ ಯಾರದೋ ಮಾವನಿಗೆ ಮಾಡಿದ್ರು, ಅವರು ನಲವತ್ತೆರಡರಲ್ಲಿ ಒಂದು ವಾರ ಸ್ಕೂಲಿಗೆ ಚಕ್ಕರ್ ಹಾಕಿದ್ರಂತೆ. ಅದಕ್ಕೆ ಸಂಘದ ಅಧ್ಯಕ್ಷ ಅಪ್ಪಾಸಾಹೇಬ ಅಂಕಲ್‌ಗೆ, ಒಬ್ಬ ಹೋರಾಟಗಾರನ ಮಗಳು ಇದಾರೆ ಅಂತ ನಾನು ಹೇಳಿದ ತಕ್ಷಣ ಬಿಜಾಪುರದ ಅಷ್ಟೂ ಪ್ರೀತಿ ಉಕ್ಕಿ ಬಂತು. ಯಾರು, ಎಲ್ಲಿಯವರು, ಏನೂ ಕೇಳ್ಲಿಲ್ಲ. ಪತ್ರ ನೀನೇ ಬರಿಯಪಾ, ನಿನ್ನ ಬಾಯಾಗ ಭಾಳ ಡೈಲಾಗ್ ಅದಾವ, ಅಂದ್ರು.

ಆಮೇಲೆ ಜುಲೈ ಮೂವತ್ತು ಬಂತು. ಅಣ್ಣಾವ್ರನ್ನ ಕಾಡಿಗೆ ಹಿಡ್ಕೊಂಡು ಹೋದ್ರು ಅಂತ ಊರಿಂದ ಫೋನು. ಬೆಂಗಳೂರು ಬಂದ್ ಅಂತೆ. ನಮ್ಮ ಅಂಗಡೀಲಿ ಜನ ಬೇಳೆ ತಗೊಳಕ್ಕೆ ಬಂದು ಬೇಳೆ ಮರೆತು ನಿಂತ್ಕೊಂಡ್ರು. ಅಣ್ಣಾವ್ರ ಕ್ಯಾಸೆಟ್ ಅಷ್ಟೂ ಒಂದೇ ಮಧ್ಯಾಹ್ನ ಖಾಲಿ ಆಯ್ತು. ನಾನೂ ಕೌಂಟರ್ ಕೆಳಗೆ ಕೂತು ಅತ್ತೆ, ಅದರಲ್ಲಿ ತಮಾಷೆ ಇಲ್ಲ. ಮುನಿರಾಜು ಅಂಕಲ್‌ಗೆ ಯಾರೂ ಏನೂ ಹೇಳಿರ್ಲಿಲ್ಲ, ತಾವೇ ತಮಿಳು ಕ್ಯಾಸೆಟ್ ರ‍್ಯಾಕನ್ನ ಗೋಡೆ ಕಡೆ ತಿರುಗಿಸಿಟ್ರು. ಮೂರು ಗಂಟೆಗೆ ಇಸಕ್ಕಿಯಮ್ಮಾಳ್ ಬಂದು ಅದನ್ನ ನೋಡಿದ್ರು, ಕರಿಬೇವು ತಗೊಂಡ್ರು, ಬಿಡು ತಂಬಿ ಈ ವರ್ಷ ಬೇಡ, ಅಂತ ಮೆಲ್ಲಗೆ ಹೇಳಿ ಹೋದ್ರು. ಅವರಿಗೆ ಮುಂದಿನ ವರ್ಷ ಅಂತ ಒಂದು ಇರ್ಲಿಲ್ಲ. ಅದು ನಂಗೂ ಗೊತ್ತಿತ್ತು.

ಎರಡು ದಿನ ಬಿಟ್ಟು ಅಪ್ಪಾಸಾಹೇಬ ಅಂಕಲ್ ಫೋನು. ಆ ಅಮ್ಮಾರು ಯಾವ ಊರಿನವರಪಾ, ಕಮಿಟಿಯೊಳಗ ಕೇಳಾಕತ್ತಾರ, ಅಂದ್ರು.

ನನ್ನ ಬಾಯಿಂದ ಮದ್ದೂರು ಅಂತ ಬಂತು.

ಅವರ ತಂದೆ ಹೆಸರು?

ಮುತ್ತೇಗೌಡ, ಅಂದೆ. ಗಟ್ಟಿಯಾಗೇ ಅಂದೆ.

"ಭಾಳ ಛಲೋ ಆತು," ಅಂತ ಫೋನ್ ಇಟ್ರು.

ಪಕ್ಕದಲ್ಲಿ ಕೊತ್ತಂಬರಿ ಕಟ್ಟು ಕಟ್ತಿದ್ದ ಮುನಿರಾಜು ಅಂಕಲ್ ಕೈ ನಿಂತಿತ್ತು. "ಮದ್ದೂರಲ್ಲಿ ವಡೆ ಐತೆ. ಸಮುದ್ರ ಎಲ್ಲೈತಲೇ ಡೈಲಾಗು?"

ಸಮುದ್ರ ಇಲ್ಲದ ಊರಿಂದ ಹೋಗಿ ಹಡಗು ಹತ್ತಿದ್ರೇನೇ ಅಂಕಲ್ ಅದು ಎಂಟ್ರಿ, ಅಂದೆ.

ಒಂದ್ಸಲ ಹೆಸರು ಬದಲಾದ ಮೇಲೆ ಪೆನ್ನು ನನ್ನ ಮಾತು ಕೇಳ್ಲಿಲ್ಲ. ಸುಡಲೈಮುತ್ತು ಜೀವನದಲ್ಲಿ ಒಂದು ಸೀನೂ ಇಲ್ಲ. ಇದ್ದಲು ತುಂಬಿದ, ಪೇಪರ್ ಮುಟ್ಟಿಸಿದ, ಸುಮ್ಮನಿದ್ದ. ಮುತ್ತೇಗೌಡ ಹಾಗಲ್ಲ. ಇದ್ದಲು ಸಲಿಕೇಲಿ ಹನ್ನೆರಡು ಜನ ಬಿಳಿ ಪೊಲೀಸರನ್ನ ಮಲಗಿಸಿದ. 'ನನ್ನ ಕೈಯಲ್ಲಿರೋದು ಸಲಿಕೆ ಅಲ್ಲ ಕಣೋ, ನನ್ನ ದೇಶದ ಬೆನ್ನೆಲುಬು' ಅಂದ. ಹಡಗಿಂದ ಹಾರಿ ಈಜ್ಕೊಂಡು ದಡ ಸೇರಿದ. ಓದಿದ್ರೆ ಮುನಿರಾಜು ಅಂಕಲ್ ಕಣ್ಣೊರೆಸಿಕೊಂಡ್ರು. ಸುಳ್ಳು ಅಂತ ಗೊತ್ತಿದ್ದ ಮನುಷ್ಯನೇ ಅತ್ತ ಮೇಲೆ ನಂಗೂ ಒಂದೆರಡು ದಿನ ಅದು ನಿಜ ಅನ್ನಿಸಿಬಿಡ್ತು.

ಅಜ್ಜಿಗೆ ಸ್ಟೇಜ್ ಇದೆ ಅಂತ ಮಾತ್ರ ಹೇಳಿದೆ. ಹೆಸರು ಹೇಳ್ತಾರಲ್ವಾ ಅಂತ ಒಂದೇ ಪ್ರಶ್ನೆ ಕೇಳಿದ್ರು. ಮೈಕಲ್ಲಿ ಪಾಟಿ, ಇಡೀ ಹಾಲಿಗೆ ಕೇಳೋ ಹಾಗೆ, ಅಂತ ಗರ್ಜಿಸಿದೆ. ಗಟ್ಟಿಯಾಗಿದ್ದಿದ್ರಿಂದ ನಂಬಿದ್ರು.

ಆ ವರ್ಷ ಹದಿನೈದನೇ ತಾರೀಖು ಮಂಗಳವಾರ ಬಿದ್ದಿತ್ತು. ಇಲ್ಲಿ ಸ್ವಾತಂತ್ರ್ಯ ಬರೋದು ವೀಕೆಂಡಲ್ಲೇ, ಹಾಗಾಗಿ ಹನ್ನೆರಡನೇ ತಾರೀಖು ಶನಿವಾರ ಮಧ್ಯಾಹ್ನ, ಬಾಡಿಗೆಗೆ ಹಿಡಿದ ಒಂದು ಹಾಲಲ್ಲಿ ಇನ್ನೂರು ಜನ ಸೇರಿದ್ರು. ಮೊದಲು ಅಣ್ಣಾವ್ರು ಕ್ಷೇಮವಾಗಿ ಬರ್ಲಿ ಅಂತ ಎದ್ದು ನಿಂತು ಮೌನ ಪ್ರಾರ್ಥನೆ. ಅಜ್ಜಿನೂ ಎದ್ದು ಕೈ ಮುಗಿದ್ರು. ಅವತ್ತು ಜಾಕೆಟ್ ಇರ್ಲಿಲ್ಲ, ಬಿಳಿ ಸೀರೆ, ಮಡಿಲಲ್ಲಿ ಆ ಫೋಟೋ. ಮುಂದಿನ ಸಾಲಲ್ಲಿ ಅಪ್ಪಾಸಾಹೇಬ ಅಂಕಲ್ ತಾಯಿ ಬಂಗಾರೆವ್ವ ಕೂತಿದ್ರು, ಮಂಡಿ ನೋವು, ಕಿವಿ ಮಂದ, ಬಾಯಿ ಮಾತ್ರ ಚುರುಕು.

ಶಾಲು ಹೊದಿಸಿದ್ರು. ಪೇಟ ಇಟ್ರು, ಅದು ಜಾರಿ ಹುಬ್ಬಿನ ಮೇಲೆ ಕೂತ್ಕೊಳ್ತು. ಅಪ್ಪಾಸಾಹೇಬ ಅಂಕಲ್ ಪತ್ರ ಓದಕ್ಕೆ ಶುರು ಮಾಡಿದ್ರು. ಮದ್ದೂರಿನ ಮಣ್ಣಿನ ಮಗ ಮುತ್ತೇಗೌಡರು ಅಂದ ತಕ್ಷಣ ಚಪ್ಪಾಳೆ. ಸಲಿಕೆ ಫೈಟಿಗೆ ಶಿಳ್ಳೆ. ಸೈಡಲ್ಲಿ ನಿಂತು ನಾನು ಎಣಿಸ್ತಿದ್ದೆ, ಮುತ್ತೇಗೌಡ ಒಂಬತ್ತು ಸಲ ಬಂದ. ಅಜ್ಜಿಗೆ ಕನ್ನಡ ಅರ್ಧಂಬರ್ಧ, ಆದ್ರೆ ಹೆಸರು ಹೆಸರೇ ಅಲ್ವಾ. ಒಂದೊಂದು ಸಾಲಿಗೂ ಕತ್ತು ಮುಂದೆ ಚಾಚಿ ಕಾಯ್ತಿದ್ರು. ಪತ್ರ ಮುಗೀತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು.

ಚಪ್ಪಾಳೆ ನಿಲ್ಲೋವರೆಗೂ ಅಜ್ಜಿ ಕಾದ್ರು. ಆಮೇಲೆ ಶಾಲು ತೆಗೆದ್ರು. ಅಂಚಿಗೆ ಅಂಚು ಕೂಡಿಸಿ ಮಡಚಿದ್ರು. ಮೇಲೆ ಪೇಟ ಇಟ್ರು, ಹಾರ ಸುತ್ತಿಟ್ರು. ಎದ್ದು ನನ್ನ ಕಡೆ ತಿರುಗಿ ತಮಿಳಲ್ಲಿ ಹೇಳಿದ್ರು, ಎದುರಿಗಿದ್ದ ಮೈಕು ಎಲ್ಲಾನೂ ಹಿಡೀತು:

"ಇದು ಬೇರೆ ಯಾರದೋ ತಂಬಿ. ಆ ಮುತ್ತೇಗೌಡರ ಮಗಳು ಎಲ್ಲಿದಾಳೆ ನೋಡಿ ಕೊಟ್ಟುಬಿಡು. ನಮ್ಮಪ್ಪಂದು ಯಾವಾಗ?"

ಅಪ್ಪಾಸಾಹೇಬ ಅಂಕಲ್ ಮುಖ ಪೇಟದ ಬಣ್ಣಕ್ಕೆ ಬಂತು. ಏನಂತಾರಪಾ ಅವರು, ಅಂತ ನನ್ನ ಕೇಳಿದ್ರು.

ಸಂತೋಷಕ್ಕೆ ಮಾತು ಬರ್ತಿಲ್ವಂತೆ ಅಂತ ಒಂದು ಲೈನ್ ಹೇಳಿದ್ರೆ ಸಿನಿಮಾ ಸುಖಾಂತ್ಯ. ಲೈನ್ ನಾಲಿಗೆ ತುದೀಲೇ ಇತ್ತು. ಅಜ್ಜಿ ಶಾಲು ಎರಡೂ ಕೈಲಿ ಹಿಡ್ಕೊಂಡು, ಯಾರಿಗಾದ್ರೂ ಕೊಡಕ್ಕೆ ಅನ್ನೋ ಹಾಗೆ ನಿಂತಿದ್ರು.

ಮೈಕ್ ಹತ್ರ ಹೋದೆ. ಮುತ್ತೇಗೌಡ ಅಂತ ಯಾರೂ ಇಲ್ಲ, ನಾನೇ ಬರೆದಿದ್ದು, ಈ ಅಜ್ಜಿಗೆ ಅದು ಗೊತ್ತಿರ್ಲಿಲ್ಲ, ಅಂದೆ. ಇವರಪ್ಪ ತೂತುಕುಡಿಯವನು, ಹಡಗಲ್ಲಿ ಇದ್ದಲು ತುಂಬ್ತಿದ್ದ, ಇದ್ದಲ ಕೆಳಗೆ ಪತ್ರಿಕೆ ಇಟ್ಟು ಸಾಗಿಸ್ತಿದ್ದ. ಯಾರನ್ನೂ ಹೊಡೀಲಿಲ್ಲ. ಜೈಲಿಗೆ ಹೋಗ್ಲಿಲ್ಲ. ಮನೆಗೂ ವಾಪಸ್ ಹೋಗ್ಲಿಲ್ಲ. ಇಲ್ಲೇ ಓಕ್ಲ್ಯಾಂಡಲ್ಲಿ ಸತ್ತಿರಬಹುದು, ಗೊತ್ತಿಲ್ಲ. ಅವನ ಹೆಸರು ಸುಡಲೈಮುತ್ತು. ಆ ಹೆಸರು ಹೇಳುವಾಗ್ಲೇ ನನ್ನ ದನಿ ತಗ್ಗಿಹೋಯ್ತು. ಮೂರನೇ ಸಾಲು ದಾಟಿರಲ್ಲ.

ಹಿಂದಿನ ಸಾಲಲ್ಲಿ ಯಾರೋ, ಇವತ್ತು ತಮಿಳ್ರಿಗೆ ಸನ್ಮಾನನಾ, ಅಂತ ಕೇಳಿದ್ರು. ಇಪ್ಪತ್ತು ಮೂವತ್ತು ಜನ ಎದ್ದು ಪುಳಿಯೋಗರೆ ಕಡೆ ಹೋದ್ರು. ಅಪ್ಪಾಸಾಹೇಬ ಅಂಕಲ್ ನನ್ನ ಕೈಯಿಂದ ಮೈಕ್ ಕಿತ್ಕೊಂಡ್ರು, ಮುಂದಿನ ಕಾರ್ಯಕ್ರಮ ಕರೆಯಕ್ಕೆ ಬಾಯಿ ತೆಗೆದ್ರು. ಆಗ ಬಂಗಾರೆವ್ವನ ದನಿ:

"ಏ ಅಪ್ಪಾಸಾಬ, ಆಕಿ ಅಪ್ಪನ ಹೆಸರು ಏನಂದಾ ಹುಡುಗ? ನನಗ ಕೇಳಿಸಲಿಲ್ಲ. ಮೈಕಿನ್ಯಾಗ ಹೇಳು."

ಅವ್ವಾ ಆಮ್ಯಾಲ ಹೇಳ್ತೀನಿ, ಅಂದ್ರು ಅಂಕಲ್. ಆಮ್ಯಾಲ ಯಾಕ, ಬಾಯಿಗೇನಾಗೇದ, ಅಂದ್ರು ಬಂಗಾರೆವ್ವ. ಕಿವಿ ನಿಜವಾಗ್ಲೂ ಕೇಳಿಸ್ಲಿಲ್ವಾ, ಬೇಕಂತ ಕೇಳಿದ್ರಾ, ನಂಗೆ ಗೊತ್ತಿಲ್ಲ. ಆಮೇಲೆ ವಿಚಾರಿಸಿದಾಗ್ಲೂ ಆಯಮ್ಮ, ಏನು, ಅಂತ ಕಿವಿಗೆ ಕೈ ಹಚ್ಚಿದ್ರು.

ಅಪ್ಪಾಸಾಹೇಬ ಅಂಕಲ್ ಸುಡ ಅಂದ್ರು. ನಿಲ್ಲಿಸಿ ನನ್ನ ನೋಡಿದ್ರು. ನಾನು ತುಟಿ ಆಡಿಸಿ ತೋರಿಸಿದೆ. ಎರಡನೇ ಸಲ ಅರ್ಧಕ್ಕೆ ಹೋಗಿ ಎಡವಿದ್ರು. ಮೂರನೇ ಸಲ, ಕೋಪಕ್ಕೋ ಏನೋ, ಗಂಟಲು ಬಿಚ್ಚಿ, ಇಡೀ ಹಾಲಿಗೆ ಕೇಳೋ ಹಾಗೆ ಹೇಳಿದ್ರು.

"ಸುಡಲೈಮುತ್ತು."

"ಹಾಂ," ಅಂದ್ರು ಬಂಗಾರೆವ್ವ.

ಏಳೆಂಟು ಜನ ಚಪ್ಪಾಳೆ ಹೊಡೆದಿರಬಹುದು. ಇಸಕ್ಕಿಯಮ್ಮಾಳ್ ಕಣ್ಣು ಮುಚ್ಚಿ ನಿಂತಿದ್ರು. ಸಾಮಾನ್ಯವಾಗಿ ಈ ಜಾಗದಲ್ಲಿ ಮ್ಯೂಸಿಕ್ ಬರತ್ತೆ. ಹಾಲಿನ ಏಸಿ ಗುರ್ ಅಂತಿತ್ತು, ಅಷ್ಟೇ. ಅವರು ಶಾಲನ್ನ ಕುರ್ಚಿ ಮೇಲಿಟ್ಟು, ಫೋಟೋ ಮಾತ್ರ ತಗೊಂಡು ಇಳಿದುಹೋದ್ರು.

ಮುನಿರಾಜು ಅಂಕಲ್ ನನ್ನ ಕೆಲಸದಿಂದ ತೆಗೀಲಿಲ್ಲ, ಒಂದು ವಾರ ಮಾತಾಡಿಸ್ಲಿಲ್ಲ. ಸಂಘದಿಂದ ಬುಧವಾರ ಒಂದು ಚೀಲ ಬಂತು. ಶಾಲು, ಫ್ರೇಮು. ಚೀಟಿ ಗೀಟಿ ಏನೂ ಇಲ್ಲ. ಬೈಯಕ್ಕೆ ಕಳಿಸಿದ್ರೋ, ಕೊಡಕ್ಕೆ ಕಳಿಸಿದ್ರೋ.

ಶುಕ್ರವಾರ ಮೂರು ಗಂಟೆಗೆ ಅಜ್ಜಿ ಬಂದ್ರು. ಮಾರನೇ ದಿನ ಫ್ಲೈಟು. ನಾನು ಕ್ಷಮೆ ಕೇಳಕ್ಕೆ ಒಂದು ಡೈಲಾಗ್ ರೆಡಿ ಮಾಡಿದ್ದೆ, ಅವರು ಬಾಯಿ ತೆಗೆಯಕ್ಕೆ ಬಿಡ್ಲಿಲ್ಲ. ಫ್ರೇಮ್ ಕೌಂಟರ್ ಮೇಲೆ ಮಲಗಿಸಿ, ಇದರಲ್ಲಿ ಆ ಹೆಸರು ಎಲ್ಲೆಲ್ಲಿದೆ ತೋರಿಸು ಅಂದ್ರು. ಕ್ಯಾಸೆಟ್ ಬೆನ್ನಿಗೆ ಅಂಟಿಸೋ ಲೇಬಲ್ ಹಾಳೆ ಅಲ್ಲೇ ಇತ್ತು. ಒಂದೊಂದು ಲೇಬಲ್ ಮೇಲೂ ಅಜ್ಜಿ ತಮಿಳಲ್ಲಿ ಅಪ್ಪನ ಹೆಸರು ಬರೆದ್ರು, ನಾನು ಗಾಜಿನ ಮೇಲೆ ಮುತ್ತೇಗೌಡ ಇದ್ದ ಕಡೆಯೆಲ್ಲ ಅಂಟಿಸಿದೆ. ಒಂಬತ್ತು. ಮದ್ದೂರಿನ ಮೇಲೂ ಒಂದು. ಮಿಕ್ಕಿದ್ದು ಏನು ಬರೆದಿದೆ ಓದು ಅಂದ್ರು. ಸಲಿಕೆ ಫೈಟು ತಮಿಳಲ್ಲಿ ಹೇಳಿದೆ. ಮೊದಲನೇ ಸಲ ನಕ್ಕಿದ್ದು ಆಗಲೇ. ನಕ್ಕು ಮುಗಿಸಿ, "ಒಬ್ಬನ್ನಾದ್ರೂ ಹೊಡೆದಿರಬಹುದಾ?" ಅಂದ್ರು.

ಗೊತ್ತಿಲ್ಲ ಪಾಟಿ, ಅಂದೆ.

ಆ ಫೈಟನ್ನೂ ಮುಚ್ಚಬೇಕಾ ಅಂತ ಕೇಳಿದೆ. ಇರ್ಲಿ ಅಂದ್ರು. ಆಮೇಲೆ ಬೇಡ ಮುಚ್ಚು ಅಂದ್ರು. ಆಮೇಲೆ ಮತ್ತೆ ಇರ್ಲಿ ಅಂದು ಫ್ರೇಮನ್ನ ಶಾಲಲ್ಲಿ ಸುತ್ತಿಕೊಂಡು, ಕರಿಬೇವು ತಗೊಂಡು ಹೋದ್ರು.

ಸೆಪ್ಟೆಂಬರಲ್ಲಿ ಒಂದು ದಿನ ಕ್ಯಾಂಪ್‌ಬೆಲ್‌ನ ಸುರೇಶ್ ಅಂಕಲ್ ಬಂದ್ರು. ಅವರು ಮಂಡ್ಯ ಕಡೆಯೋರು. ಕ್ಯಾಸೆಟ್ ವಾಪಸ್ ಕೊಟ್ಟು ಹೋಗ್ದೆ ನಿಂತ್ಕೊಂಡ್ರು. ಆ ಮುತ್ತೇಗೌಡರ ಪತ್ರ ಒಂದು ಕಾಪಿ ಸಿಗತ್ತಾ, ಅಂದ್ರು. ಅಂಕಲ್, ಅದು ನಾನು ಕಟ್ಟಿದ ಕಥೆ, ಅವತ್ತೇ ಹೇಳಿದ್ನಲ್ಲ, ಅಂದೆ. ಗೊತ್ತಪ್ಪ, ನಾನೂ ಹಾಲಲ್ಲೇ ಇದ್ದೆ, ಅಂದ್ರು. ಅವರ ತಾತನಿಗೆ ಒಬ್ಬ ತಮ್ಮ ಇದ್ನಂತೆ. ಚಿಕ್ಕ ವಯಸ್ಸಲ್ಲಿ ಬೊಂಬಾಯಿಗೆ ಹೋಗಿ ಹಡಗು ಹತ್ತಿದೋನು, ವಾಪಸ್ ಬರ್ಲಿಲ್ಲ. ಮನೇಲಿ ಅವನ ಮಾತೇ ಎತ್ತಲ್ವಂತೆ. "ಯಾರಾದ್ರೂ ಒಬ್ಬರು ಅವನ ಬಗ್ಗೆ ಬರೆದ ಹಾಗಿತ್ತು ಕಣೋ. ಕೇಳ್ತಾ ಕೂತಾಗ ಹಾಗನ್ನಿಸ್ತು."

ನಾನು ಮೊದಲು ಬರೆದ ಹಾಳೆ ಕೌಂಟರ್ ಕೆಳಗೇ ಇತ್ತು. ಕೊಡಕ್ಕೆ ಕೈ ಹೋಯ್ತು, ಮಧ್ಯದಲ್ಲೇ ನಿಂತ್ಕೊಳ್ತು. ಕೊಟ್ರೆ ತಪ್ಪಾ, ಕೊಡದಿದ್ರೆ ತಪ್ಪಾ. ಲೇಬಲ್ ಹಾಳೆ ಎಳ್ಕೊಂಡು, ಪೆನ್ನು ತಗೊಂಡು, ನಿಮ್ಮ ತಾತನ ತಮ್ಮನ ಹೆಸರೇನು ಅಂಕಲ್, ಅಂದೆ.

ಅಪರೂಪಕ್ಕೆ ಮಾತು ಬಂದ್ರೆ ಮನೇಲಿ ಹಡಗಿನೋನು ಅಂತಿದ್ರು, ಅಂದ್ರು ಸುರೇಶ್ ಅಂಕಲ್. ಹೆಸರು ಇತ್ತು, ಏನೋ ಇತ್ತು. ಅಮ್ಮನಿಗೆ ಗೊತ್ತಿರತ್ತೆ, ಮಂಡ್ಯಕ್ಕೆ ಫೋನ್ ಮಾಡಿ ಕೇಳಿ ಹೇಳ್ತೀನಿ, ಅಂದ್ರು.

ಇನ್ನೂ ಹೇಳಿಲ್ಲ. ಆ ಲೇಬಲ್ ಕಿತ್ತು ರಿವೈಂಡರ್ ಮೇಲೆ ಅಂಟಿಸಿಟ್ಟಿದೀನಿ, ಖಾಲಿ. ಏನಲೇ ಅದು ಡೈಲಾಗು, ಅಂತ ಮುನಿರಾಜು ಅಂಕಲ್ ಕೇಳಿದ್ರು. ಗೊತ್ತಿಲ್ಲ ಅಂಕಲ್, ಅಂದೆ.